ಹಳೆಯ ಗೋಡೆಗೆ ಹೊಸ ಅಂಕಣ

ಜಾಗ ಸಾಲದಾದಾಗ, ಬಳಕೆ ಬದಲಾದಾಗ, ಹೊಳೆಯೋ ಯುದ್ಧವೋ ಒಂದು ಭಾಗವನ್ನು ಕೆಡವಿದಾಗ ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರುತ್ತದೆ. ಇದು ಇಂದಿನ ವಾಸ್ತುಶಿಲ್ಪಿಗಳು ಹೊಸದಾಗಿ ಹುಡುಕಿದ ಕೆಲಸವೇನಲ್ಲ. ನೂರಾರು ವರ್ಷ ಬಾಳಿದ ಕಟ್ಟಡಗಳಲ್ಲಿ ಒಂದೇ ಕಾಲದಲ್ಲಿ ಕಟ್ಟಿ ಮುಗಿಸಿ, ಆಮೇಲೆ ಯಾರ ಕೈಯೂ ತಾಗದೆ ಉಳಿದವು ಅಪರೂಪ. ಕೋಟೆಗೆ ಬುರುಜು ಸೇರುತ್ತದೆ, ಗುಡಿಗೆ ಪ್ರಾಕಾರ ಸೇರುತ್ತದೆ, ಮನೆಗೆ ಮಗನ ಮದುವೆಯ ಹೊತ್ತಿಗೆ ಇನ್ನೊಂದು ಅಂಕಣ ಸೇರುತ್ತದೆ. ಈಗ ಎದ್ದಿರುವ ಪ್ರಶ್ನೆ ಬೇರೆ. ಕಾಂಕ್ರೀಟು, ಉಕ್ಕು, ಗಾಜು ಬಳಸುವ ಕಾಲವು ಕಲ್ಲುಗಾರೆಯ ಕಟ್ಟಡದ ಪಕ್ಕದಲ್ಲಿ ಯಾವ ರೂಪದಲ್ಲಿ ನಿಲ್ಲಬೇಕು, ಎರಡೂ ಕೂಡುವ ಸಂದಿಯಲ್ಲಿ ಏನಾಗುತ್ತದೆ ಎಂಬುದು ಆ ಪ್ರಶ್ನೆ.

ಕರ್ನಾಟಕದ ಗಡಿಯಾಚೆ ಆಂಧ್ರದಲ್ಲಿರುವ ಆದವಾನಿಯ ಕೋಟೆ ಇಂಥ ಸೇರ್ಪಡೆಗಳ ಮೊತ್ತ. ಊರಿನ ಹಿಂದಿನ ಕಣಶಿಲೆಯ ಗುಡ್ಡಗಳ ಮೇಲೆ ವಿಜಯನಗರದ ಅರಸರ ಕಾಲದಲ್ಲಿ ಬಲವಾದ ಕೋಟೆಯಿತ್ತು. 1565ರ ಯುದ್ಧದ ನಂತರ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಅವರ ಅಧಿಕಾರಿಗಳು ಗುಡ್ಡದ ಕೆಳಗೂ ಕೋಟೆಯನ್ನು ಹಬ್ಬಿಸಿದರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಅಧಿಕಾರ ನಡೆಸಿದ ಸಿದ್ದಿ ಮಸೂದ್ ಖಾನ್ ಊರಿನಲ್ಲಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದ. 1688ರಲ್ಲಿ ಔರಂಗಜೇಬನ ಸೇನಾಪತಿ ಮುತ್ತಿಗೆ ಹಾಕಿ ಫಿರಂಗಿಗಳನ್ನು ಈ ಮಸೀದಿಯ ಕಡೆಗೆ ತಿರುಗಿಸಿದಾಗ, ಅದು ಒಡೆಯುವುದನ್ನು ನೋಡಲಾರದೆ ಮಸೂದ್ ಖಾನ್ ಕೋಟೆಯನ್ನೇ ಒಪ್ಪಿಸಿದನೆಂಬ ಕಥೆ ಪ್ರಸಿದ್ಧ. ಕಥೆಯಲ್ಲಿ ನಿಜ ಎಷ್ಟಿದ್ದರೂ, ಕೋಟೆ ಹೋದರೂ ಮಸೀದಿ ಇರಲಿ ಎಂದ ಅಧಿಕಾರಿಯೊಬ್ಬನನ್ನು ಈ ಊರು ನೆನಪಿಟ್ಟುಕೊಂಡಿದೆ. ಮೊಗಲರು ಕೋಟೆಗೆ ಇಮ್ತಿಯಾಜ್‌ಗಡ ಎಂದು ಹೆಸರಿಟ್ಟರು. ಮುಂದೆ ನಿಜಾಮನ ತಮ್ಮ ಬಸಾಲತ್ ಜಂಗ್ ಇಲ್ಲಿ ನೆಲೆ ಮಾಡಿದ. 1786ರಲ್ಲಿ ಟಿಪ್ಪು ಸುಲ್ತಾನ ಮುತ್ತಿ ಕೋಟೆಯನ್ನು ಕೆಡವಿಸಿದ. 1800ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಇವುಗಳಲ್ಲಿ ಯಾವ ಕಾಲದ ಕೋಟೆಯನ್ನು ‘ಮೂಲ’ ಎಂದು ಉಳಿಸಬೇಕು? ಉತ್ತರವಿಲ್ಲದ ಪ್ರಶ್ನೆ ಇದು. ಬಹುತೇಕ ಎಲ್ಲ ಕೋಟೆಗಳ ವಿಷಯದಲ್ಲಿಯೂ ಹೀಗೆಯೇ.

ಹಿಂದಿನವರು ಹೇಗೆ ಸೇರಿಸುತ್ತಿದ್ದರು ಎಂಬುದಕ್ಕೆ ಹಂಪಿಯ ವಿರೂಪಾಕ್ಷ ದೇವಾಲಯದಷ್ಟು ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಅಲ್ಲಿ ವಿಜಯನಗರಕ್ಕಿಂತ ಹಿಂದಿನ ಸಣ್ಣ ಗುಡಿಗಳಿವೆ. ಅವುಗಳನ್ನು ಒಳಗಿಟ್ಟುಕೊಂಡು ಆವರಣ ಬೆಳೆಯಿತು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂದರ್ಭದಲ್ಲಿ, ಸುಮಾರು 1510ರಲ್ಲಿ, ಗರ್ಭಗುಡಿಯ ಮುಂದೆ ಮಹಾರಂಗಮಂಟಪ ಎದ್ದಿತು, ಅದರ ಮುಂದಿನ ರಾಯಗೋಪುರವೂ ಆಗಲೇ ಎದ್ದಿತು. ಇದನ್ನು ಹೇಳುವ ಶಾಸನ ಮಂಟಪದ ಎದುರಿನಲ್ಲೇ ಇದೆ. ಪೂರ್ವದ ಬಿಷ್ಟಪ್ಪಯ್ಯ ಗೋಪುರವೆಂಬ ದೊಡ್ಡ ಗೋಪುರಕ್ಕೆ 19ನೆಯ ಶತಮಾನದಲ್ಲಿ ಮತ್ತೆ ದುರಸ್ತಿಯಾಯಿತು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಸೇರ್ಪಡೆ ಹೊರಮುಖವಾಗಿ ನಡೆಯಿತು, ಗರ್ಭಗುಡಿಯನ್ನು ದೊಡ್ಡದು ಮಾಡಲು ಯಾರೂ ಹೋಗಲಿಲ್ಲ. ಹೊಸ ಮಂಟಪ ಹಳೆಯ ಗುಡಿಯ ಶೈಲಿಯನ್ನು ನಕಲು ಮಾಡಲಿಲ್ಲ. ಯಾಳಿಯ ಕಂಬಗಳು, ಚಾವಣಿಯ ಚಿತ್ರಗಳು ತಮ್ಮ ಕಾಲವನ್ನು ತಾವೇ ಸಾರುತ್ತವೆ, ಸಾಲದೆಂಬಂತೆ ತೇದಿಯೂ ಕಲ್ಲಿನಲ್ಲಿದೆ. ಇನ್ನು ಸಾಮಗ್ರಿ ಮಾತ್ರ ಹಳೆಯದೇ: ಅದೇ ಗುಡ್ಡದ ಕಲ್ಲು, ಅದೇ ಸುಣ್ಣದ ಗಾರೆ, ಕಂಬ, ಬೋದಿಗೆ, ತೊಲೆಗಳ ಅದೇ ಜೋಡಣೆ. ಶೈಲಿ ಬದಲಾದರೂ ಎರಡು ಕಾಲದ ಕಲ್ಲುಗಳು ಬಿಸಿಲಿಗೆ ಒಂದೇ ಬಗೆಯಲ್ಲಿ ಹಿಗ್ಗಿದವು, ಮಳೆಯನ್ನು ಒಂದೇ ಬಗೆಯಲ್ಲಿ ಹೀರಿ ಬಿಟ್ಟವು. ಇಂದಿನ ಸೇರ್ಪಡೆಗಳಲ್ಲಿ ತಲೆಕೆಳಗಾಗಿರುವುದು ಇದೇ. ರೂಪ ಹಳೆಯದರ ಹಾಗೆ ಕಾಣುತ್ತದೆ, ಒಳಗಿನ ಸಾಮಗ್ರಿ ಪೂರ್ತಿ ಬೇರೆ.

ಹಳೆಯದನ್ನು ಹೇಗೆ ಮುಟ್ಟಬೇಕೆಂಬ ಶಾಸ್ತ್ರೀಯ ಚರ್ಚೆ 19ನೆಯ ಶತಮಾನದ ಯುರೋಪಿನಲ್ಲಿ ಬಿಸಿಯೇರಿತು. ಫ್ರಾನ್ಸಿನ ವಿಯೊಲೆ-ಲ-ದ್ಯೂಕ್, ಕಟ್ಟಡ ಹಿಂದೆಂದೂ ಇರದಷ್ಟು ಪೂರ್ಣ ರೂಪಕ್ಕೆ ಅದನ್ನು ತರಬಹುದು ಎಂದ. ಇಂಗ್ಲೆಂಡಿನ ಜಾನ್ ರಸ್ಕಿನ್‌ಗೆ ಅಂಥ ಪೂರ್ಣತೆ ಸುಳ್ಳಾಗಿ ಕಂಡಿತು. ಹಳೆಯ ಕಟ್ಟಡವನ್ನು ಆರೈಕೆ ಮಾಡಬೇಕು, ಮತ್ತೆ ಹೊಸದಾಗಿಸಬಾರದು ಎಂಬುದು ಅವನ ನಿಲುವು. ಭಾರತದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಹೊರತಂದ ಸಂರಕ್ಷಣಾ ಕೈಪಿಡಿ ಬಹುಮಟ್ಟಿಗೆ ರಸ್ಕಿನ್ನನ ಕಡೆಗೇ ವಾಲಿತು. 1964ರ ವೆನಿಸ್ ಸನ್ನದು ಈ ವಿಚಾರವನ್ನು ನಿಯಮದ ರೂಪಕ್ಕೆ ತಂದಿತು. ಅನಿವಾರ್ಯವಾದ ಹೊಸ ಕೆಲಸ ಹಳೆಯದರಿಂದ ಬೇರೆಯಾಗಿ ಗುರುತು ಸಿಗುವಂತಿರಬೇಕು, ತನ್ನ ಕಾಲದ ಮುದ್ರೆಯನ್ನು ಹೊತ್ತಿರಬೇಕು, ಕಟ್ಟಡದ ಆಸಕ್ತಿಕರ ಭಾಗಗಳನ್ನೂ ಸುತ್ತಲಿನೊಂದಿಗಿನ ಅದರ ಹೊಂದಿಕೆಯನ್ನೂ ಕೆಡಿಸಬಾರದು ಎಂದು ಅದು ವಿಧಿಸುತ್ತದೆ. ಪ್ಯಾರಿಸ್ಸಿನ ಲೂವ್ರ್ ಅರಮನೆಯ ಅಂಗಳದಲ್ಲಿ 1989ರಲ್ಲಿ ತೆರೆದ ಐ.ಎಂ. ಪೇ ಅವರ ಗಾಜಿನ ಪಿರಮಿಡ್ಡನ್ನು ಈ ವಿಚಾರದ ಅತ್ಯಂತ ಪ್ರಸಿದ್ಧ ಫಲವೆನ್ನಬಹುದು. ಅದಕ್ಕೆ ಮೊದಮೊದಲು ಬಂದ ಬೈಗುಳವೂ ಅಷ್ಟೇ ಪ್ರಸಿದ್ಧ.

ಅದೇ ಪ್ಯಾರಿಸ್ಸಿನ ನೋತ್ರದಾಮ್ ಚರ್ಚಿನ ಕಥೆ ಈ ವಾದವನ್ನು ಇನ್ನಷ್ಟು ಗೋಜಲಾಗಿಸುತ್ತದೆ. 2019ರ ಏಪ್ರಿಲ್ 15ರಂದು ಉರಿದು ಬಿದ್ದ ಅದರ ಶಿಖರ ಮಧ್ಯಯುಗದ್ದಲ್ಲ. 1859ರಲ್ಲಿ ವಿಯೊಲೆ-ಲ-ದ್ಯೂಕ್ ಸೇರಿಸಿದ್ದು. ಹೊಸ ಕಾಲಕ್ಕೆ ಹೊಸ ಶಿಖರ ಬೇಕೆಂದು ಸ್ಪರ್ಧೆಯ ಮಾತು ಬಂತು, ಕಡೆಗೆ 2020ರಲ್ಲಿ ಬಿದ್ದದ್ದನ್ನೇ ಹಾಗೆಯೇ ಕಟ್ಟುವುದೆಂದು ತೀರ್ಮಾನವಾಯಿತು. ಒಂದು ಕಾಲದ ಸೇರ್ಪಡೆ ಇನ್ನೊಂದು ಕಾಲಕ್ಕೆ ಪರಂಪರೆಯಾಗಿಬಿಟ್ಟಿತ್ತು.

ಕರ್ನಾಟಕದಲ್ಲಿ ಬೆಂಗಳೂರಿನ ಮೂರು ಕಟ್ಟಡಗಳನ್ನು ಒಟ್ಟಿಗೆ ನೋಡಿದರೆ ಆಯ್ಕೆಗಳು ಸ್ಪಷ್ಟವಾಗುತ್ತವೆ. 1868ರಲ್ಲಿ ಮುಗಿದ ಕೆಂಪು ಬಣ್ಣದ ಅಠಾರ ಕಚೇರಿ ಇಂದು ಹೈಕೋರ್ಟು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಜನೆ ಹುಟ್ಟಿ, ನಾಗರಿಕರ ವಿರೋಧದಿಂದ ನಿಂತುಹೋಯಿತು. ಜಾಗದ ಕೊರತೆಯನ್ನು ಹಿಂಭಾಗದಲ್ಲಿ ಅದೇ ಬಣ್ಣದ, ಅದೇ ಬಗೆಯ ಕಟ್ಟಡ ಸೇರಿಸಿ ನೀಗಿಸಿದರು. ಎದುರಿಗೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಯೋಜನೆಗೊಂಡು 1956ರಲ್ಲಿ ಮುಗಿದ ವಿಧಾನಸೌಧ. ಅದರ ಮಗ್ಗುಲಿಗೆ 2005ರಲ್ಲಿ ತೆರೆದ ವಿಕಾಸಸೌಧ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಕಾಲದವು ಎನಿಸುವ ಹಾಗೆ ಕಟ್ಟಿದ್ದಾರೆ. ವಿಧಾನಸೌಧದ ಕಲ್ಲಿನಲ್ಲಿ ದುಡಿದ ಕೈಗಳ ಬೆವರು ಕಾಣುತ್ತದೆ. ವಿಕಾಸಸೌಧದಲ್ಲಿ ಆ ರೂಪ ಉಳಿದಿದೆ, ಆ ಬೆವರು ಉಳಿದಿಲ್ಲ. ಹೀಗೆ ನಕಲು ಮಾಡಿದಾಗ ಹೊಸದಕ್ಕೆ ಗೌರವ ಬರುವುದಕ್ಕಿಂತ ಹಳೆಯದರ ಅನನ್ಯತೆ ತುಸು ಕುಗ್ಗುವುದೇ ಹೆಚ್ಚು.

ಮೂರನೆಯದು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ. ಈ ಖಾಸಗಿ ಮಹಲನ್ನು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಮಾರ್ಪಡಿಸಿ 2009ರ ಫೆಬ್ರವರಿಯಲ್ಲಿ ತೆರೆದರು. ಚಿತ್ರಗಳನ್ನು ತೂಗುಹಾಕಲು ಬೇಕಾದ ಅಗಲವಾದ ಗೋಡೆ, ಹದವಾದ ಬೆಳಕು, ತೇವ ಮತ್ತು ಉಷ್ಣದ ಹತೋಟಿ ಇವೆಲ್ಲ ಹಳೆಯ ಕೋಣೆಗಳಲ್ಲಿ ದಕ್ಕುವುದು ಕಷ್ಟ. ಕಿಟಕಿ ಮುಚ್ಚಿ, ಗೋಡೆ ಒಡೆದು ಅವನ್ನು ಒಳಗೆ ತುರುಕುವ ಬದಲು, ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ವಿನ್ಯಾಸದಲ್ಲಿ ಸುಮಾರು 1,260 ಚದರ ಮೀಟರಿನ ಹೊಸ ಗ್ಯಾಲರಿಯನ್ನು ಪ್ರತ್ಯೇಕವಾಗಿ ಕಟ್ಟಿದರು. ಹೊಸದಕ್ಕೆ ಹಳೆಯ ಬಂಗಲೆಯ ಕಮಾನುಗಳಿಲ್ಲ, ಅಲಂಕಾರವಿಲ್ಲ. ಎರಡರ ನಡುವಿನ ಸಂಬಂಧ ಹಗುರವಾಗಿದೆ. ಮರಗಳು ಉಳಿದಿವೆ, ರಸ್ತೆಯಿಂದ ಬರುವವರಿಗೆ ಮೊದಲು ಕಾಣುವುದು ಈಗಲೂ ಬಂಗಲೆಯೇ. ಕನ್ನಡನಾಡಿನಲ್ಲಿ ಹಳೆಯದು ಹೊಸದರ ಕೂಟಕ್ಕೆ ಮಾದರಿ ತೋರಿಸಬೇಕಾದರೆ ಮೊದಲ ಹೆಸರು ಇದರದೇ.

ಆದರೆ ಬಂಗಲೆಗೆ ಸಲ್ಲುವ ನಿಯಮ ಪೂಜೆ ನಡೆಯುವ ಗುಡಿಗೂ ಹಾಗೆಯೇ ಸಲ್ಲಬೇಕೆಂದಿಲ್ಲ. ವೆನಿಸ್ ಸನ್ನದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಪಾಲು ಇತಿಹಾಸಕ್ಕೆ ಸೇರಿಹೋದ ಕಟ್ಟಡಗಳು. ಇಲ್ಲಿ ಸ್ಥಪತಿಗಳೂ ಕಲ್ಲುಕುಟಿಗರೂ ಇನ್ನೂ ಅದೇ ಕಸುಬು ಮಾಡುತ್ತಿದ್ದಾರೆ, ಜೀರ್ಣೋದ್ಧಾರ ಪುಣ್ಯದ ಕೆಲಸವೆಂಬ ನಂಬಿಕೆ ಇದೆ. ಇದನ್ನು ಮನಗಂಡು, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ತನ್ನದೇ ಸನ್ನದನ್ನು ರೂಪಿಸಿತು. ಪರಂಪರೆಯ ಕುಶಲಕರ್ಮಿಗಳ ಜ್ಞಾನ ಬದುಕಿರುವ ಕಡೆ, ಹಳೆಯ ರೂಪದಲ್ಲೇ ಹೊಸದನ್ನು ಕಟ್ಟುವುದೂ ಸಂರಕ್ಷಣೆಯ ಒಂದು ದಾರಿ ಎಂದು ಅದು ಒಪ್ಪುತ್ತದೆ. ಸ್ಥಪತಿ ಲೆಕ್ಕ ಹಾಕಿ ಇಂದು ಕಡೆಯುವ ಕಲ್ಲಿನ ಕಂಬ ನಕಲಲ್ಲ, ಮುಂದುವರಿಕೆ. ಸಿಮೆಂಟಿನಲ್ಲಿ ಅಚ್ಚು ಹಾಕಿ ಬಣ್ಣ ಬಳಿದು ಕಲ್ಲೆಂದು ನಂಬಿಸುವ ಕಂಬವನ್ನು ಈ ಸಾಲಿಗೆ ಸೇರಿಸಲಾಗದು.

ಆದವಾನಿಯ ಸೀಮೆಯಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿ ಎದುರಾಗುವುದು ಮಂತ್ರಾಲಯದಲ್ಲಿ. ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. 1671ರಲ್ಲಿ ಅವರು ಅಲ್ಲಿ ಸಶರೀರವಾಗಿ ಬೃಂದಾವನ ಪ್ರವೇಶ ಮಾಡಿದರು. ಮೂಲ ಬೃಂದಾವನ ಒಂದು ಕಲ್ಲಿನ ರಚನೆ ಮಾತ್ರ. ಪಕ್ಕದಲ್ಲೇ ವಾದೀಂದ್ರ ತೀರ್ಥರ ಬೃಂದಾವನ, ಎದುರಿಗೆ ಮಂಚಾಲಮ್ಮನ ಗುಡಿ. ಉಳಿದ ಮಂಟಪ, ಪ್ರಾಕಾರ, ಪಡಸಾಲೆ, ಭೋಜನಶಾಲೆಗಳೆಲ್ಲ ಭಕ್ತರ ಸಂಖ್ಯೆ ಬೆಳೆದಂತೆ ಬೆಳೆದವು. ಗುರುವಾರವೂ ಆರಾಧನೆಯ ದಿನಗಳಲ್ಲೂ ನೆರೆಯುವ ಜನಕ್ಕೆ ಸರದಿ ನಿಲ್ಲಲು ನೆರಳು ಬೇಕು, ಒಳಗೆ ಹೋಗಲು ಹೊರಗೆ ಬರಲು ಬೇರೆ ಬೇರೆ ದಾರಿ ಬೇಕು, ಮುದುಕರಿಗೆ ಇಳಿಜಾರು ದಾರಿ ಬೇಕು, ಶೌಚಾಲಯ ಬೇಕು. ಶೈಲಿಯ ಚರ್ಚೆಗಿಂತ ಮೊದಲು ಬರುವ ಅಗತ್ಯಗಳಿವು, ಯಾವ ಶಿಲ್ಪಶಾಸ್ತ್ರದಲ್ಲೂ ಇವಕ್ಕೆ ಅಧ್ಯಾಯವಿಲ್ಲ.

2009ರ ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಮಠಕ್ಕೆ ನುಗ್ಗಿತು. ಬೃಂದಾವನ ನೀರಿನಲ್ಲಿ ಮುಳುಗಿತು, ಸಿಕ್ಕಿಬಿದ್ದ ಯಾತ್ರಿಕರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಪ್ರವಾಹ ತಗ್ಗಿದ ಮೇಲೆ ಮಠವನ್ನು ಮತ್ತೆ ಸಜ್ಜುಗೊಳಿಸಿದರು, ಆಮೇಲಿನ ವರ್ಷಗಳಲ್ಲಿ ಹೊಸ ಕಟ್ಟಡಗಳೂ ಎದ್ದವು. ಇಲ್ಲಿ ಸೇರ್ಪಡೆಯ ಮಟ್ಟವನ್ನು ನಿರ್ಧರಿಸುವುದು ಹೊಳೆ. ನೆಲಗಟ್ಟು ಎತ್ತರಿಸಿದರೆ ನೀರು ದೂರ ಉಳಿಯುತ್ತದೆ ನಿಜ, ಆದರೆ ಸುತ್ತಲಿನ ನೆಲ ಏರಿದಷ್ಟೂ ಹಳೆಯ ಗುಡಿ ತಗ್ಗಿನಲ್ಲಿ ಕೂತಂತಾಗಿ, ಸುತ್ತಲ ಮಳೆನೀರು ಅದರ ಬುಡಕ್ಕೇ ಹರಿದು ಬರುತ್ತದೆ. ಹಳೆಯ ಊರುಗಳ ಎಷ್ಟೋ ಗುಡಿಗಳಲ್ಲಿ ರಸ್ತೆಯಿಂದ ಕೆಳಕ್ಕೆ ಮೆಟ್ಟಿಲಿಳಿದು ಹೋಗಬೇಕಾಗಿರುವುದಕ್ಕೆ ಹೀಗೆ ವರ್ಷವರ್ಷವೂ ಮೇಲೆ ಸುರಿದ ಜಲ್ಲಿಯೇ ಕಾರಣ. 2023ರ ಜುಲೈನಲ್ಲಿ ಮಂತ್ರಾಲಯದಲ್ಲಿ 108 ಅಡಿ ಎತ್ತರದ ಶ್ರೀರಾಮನ ಪ್ರತಿಮೆಗೆ ಅಡಿಗಲ್ಲು ಹಾಕಲಾಯಿತು. ಅದು ಮಠದ ಕಟ್ಟಡಕ್ಕೆ ಅಂಟಿಕೊಂಡ ಸೇರ್ಪಡೆಯಲ್ಲ. ಆದರೆ ಬಯಲುಸೀಮೆಯ ಸಮತಟ್ಟಾದ ದಿಗಂತದಲ್ಲಿ ಅಷ್ಟೆತ್ತರದ ರಚನೆ ಎದ್ದಾಗ ಊರಿನ ನೋಟವೇ ಬದಲಾಗುತ್ತದೆ. ಒಂದು ಕ್ಷೇತ್ರದ ಚಹರೆಯನ್ನು ಗೋಡೆಗಳಷ್ಟೇ ರೂಪಿಸುವುದಿಲ್ಲ, ಗೋಡೆಗಳ ಹಿಂದಿನ ಆಕಾಶವೂ ರೂಪಿಸುತ್ತದೆ.

ಆದವಾನಿಗೆ ಹತ್ತಿರದ ಪೆದ್ದತುಂಬಳಂ ಇನ್ನೊಂದು ಬಗೆಯದು. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಿರುವ ಈ ಊರಿನಲ್ಲಿ ಪ್ರಾಚೀನ ಪಾರ್ಶ್ವನಾಥನ ಮೂರ್ತಿ ದೊರೆತ ಮೇಲೆ ಅದಕ್ಕೆ ಹೊಸದಾಗಿ ದೊಡ್ಡ ಜೈನ ಮಂದಿರ ಕಟ್ಟಿದರು. ಉತ್ತರ ಭಾರತದ ಶೈಲಿಯ ಬಿಳಿಯ ಮಂದಿರ ಅದು. ಹಳೆಯ ಮೂರ್ತಿಗೆ ಭಕ್ತರು ಮರಳಿ ಬಂದರು, ಹಳೆಯ ಗುಡಿಗಳ ಕಲ್ಲನ್ನೂ ಯಾರೂ ಅಲುಗಿಸಲಿಲ್ಲ. ಶೈಲಿ ಈ ನೆಲದ್ದಲ್ಲ ಎಂಬ ಆಕ್ಷೇಪ ಎತ್ತಬಹುದು. ಆದರೆ ಹಳೆಯದೆಂಬ ಸೋಗು ಅದಕ್ಕಿಲ್ಲ, ಯಾವುದು ಯಾವ ಕಾಲದ್ದೆಂದು ದಾರಿಹೋಕನೂ ಹೇಳಬಲ್ಲ.

ಇನ್ನು ಸಂದಿಯ ವಿಷಯ. ಸೇರ್ಪಡೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಈ ಸೀಮೆಯಲ್ಲಿ ಗುಡ್ಡದ ಬುಡ ಬಿಟ್ಟರೆ ಬಹುಪಾಲು ಎರೆಭೂಮಿ, ಹತ್ತಿಗೆ ಹೇಳಿಮಾಡಿಸಿದ್ದು, ಕಟ್ಟಡಕ್ಕೆ ಶತ್ರು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಹಳೆಯ ಗೋಡೆಯ ಕೆಳಗಿನ ಮಣ್ಣು ಇನ್ನೂರು ಮುನ್ನೂರು ವರ್ಷಗಳ ಭಾರಕ್ಕೆ ಕುಸಿದು ಗಟ್ಟಿಯಾಗಿರುತ್ತದೆ. ಪಕ್ಕದ ಹೊಸ ಗೋಡೆಯ ಕೆಳಗಿನದು ಈಗಷ್ಟೇ ಕುಸಿಯತೊಡಗುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಹೊಸದು ಕುಸಿಯುತ್ತ ಹಳೆಯದನ್ನೂ ಎಳೆಯುತ್ತದೆ, ಓರೆಯಾಗಿ ಬಿರುಕು ಏಳುತ್ತದೆ. ಆದ್ದರಿಂದ ಎರಡರ ನಡುವೆ ಸಂದು ಬಿಡಬೇಕು, ಹೊಸದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಬಿಸಿಲೂ ಇದನ್ನೇ ಬಯಸುತ್ತದೆ: ಹತ್ತು ಮೀಟರ್ ಉದ್ದದ ಕಾಂಕ್ರೀಟು ಚಾವಣಿ 30 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಗೋಡೆಯೊಳಗೆ ಕೊರೆದು ಕೂರಿಸಿದ ಚಾವಣಿಯ ಈ ಹಿಗ್ಗು ಕುಗ್ಗು ದಿನವೂ ಹಳೆಯ ಗಾರೆಯನ್ನು ತೀಡುತ್ತದೆ.

ಸಿಮೆಂಟಿನ ಕೇಡು ಇನ್ನೂ ನಿಧಾನ, ಇನ್ನೂ ಆಳ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ. ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ, ಉಪ್ಪು ಗಾರೆಯಲ್ಲಿ ಹರಳುಗಟ್ಟಿ ಗಾರೆಯನ್ನು ಉದುರಿಸುತ್ತದೆ, ಉದುರಿದ್ದನ್ನು ಮತ್ತೆ ಬಳಿಯಬಹುದು. ಸಿಮೆಂಟು ಬಳಿದರೆ ತೇವ ಹೊರಗೆ ಹೋಗಲು ಕಲ್ಲನ್ನೇ ಹುಡುಕಿಕೊಳ್ಳುತ್ತದೆ. ಆಗ ಉಪ್ಪು ಹರಳುಗಟ್ಟುವುದು ಕಲ್ಲಿನ ಮೈಯಲ್ಲಿ, ಚಕ್ಕೆ ಏಳುವುದೂ ಕೆತ್ತನೆಯಿಂದಲೇ. ಕಲ್ಲಿಗೆ ಎಣ್ಣೆ ಬಣ್ಣ ಬಳಿಯುವ ಪದ್ಧತಿಯ ಕೇಡೂ ಇದೇ. ಉತ್ಸಾಹದ ಜೀರ್ಣೋದ್ಧಾರ ಸಮಿತಿಗಳು ಭಕ್ತಿಯಿಂದಲೇ ಈ ಕೆಲಸ ಮಾಡುತ್ತವೆ. ಸೋರುವ ಮಾಳಿಗೆಗೆ ಕಾಂಕ್ರೀಟು ಸುರಿಯುವುದು ಇನ್ನೊಂದು ಸುಲಭ ದಾರಿ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ, ಕೆಳಗಿನ ತೊಲೆಗಳ ಮೇಲೆ ಅಷ್ಟು ಹೆಚ್ಚುವರಿ ಭಾರ. ಒಳಗಿನ ಉಕ್ಕಿನ ಸರಳಿಗೆ ನೀರು ತಾಗಿ ತುಕ್ಕು ಹಿಡಿದರೆ ಅದು ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಆಗ ಕಾಂಕ್ರೀಟನ್ನು ತೆಗೆಯಲು ಹೊರಟರೆ ಹಳೆಯದನ್ನೂ ಒಡೆಯಬೇಕಾಗುತ್ತದೆ. ಬೇಡವೆನಿಸಿದಾಗ ಬಿಚ್ಚಿ ತೆಗೆಯಲು ಬರುವುದು ಒಳ್ಳೆಯ ಸೇರ್ಪಡೆಯ ಮುಖ್ಯ ಲಕ್ಷಣಗಳಲ್ಲೊಂದು. ಬೋಲ್ಟು ಹಾಕಿ ನಿಲ್ಲಿಸಿದ ಹಗುರ ಉಕ್ಕಿನ ಚಪ್ಪರ ಈ ಲೆಕ್ಕದಲ್ಲಿ ಗಿಲೀಟಿನ ಕಾಂಕ್ರೀಟು ಮಂಟಪಕ್ಕಿಂತ ಎಷ್ಟೋ ಮೇಲು, ನೋಡಲು ಬೋಳಾಗಿ ಕಂಡರೂ ಸರಿಯೇ.

ಕಾನೂನು ದೂರವನ್ನು ಅಳೆಯುತ್ತದೆ. 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷಿದ್ಧ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡವಿಲ್ಲ, ಇದ್ದುದರ ದುರಸ್ತಿಗೆ ಅನುಮತಿ ಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕಾಮಗಾರಿಗಳನ್ನು ಕಾಯಿದೆ ‘ನಿರ್ಮಾಣ’ ಎಂದೇ ಎಣಿಸುವುದಿಲ್ಲ. ಸ್ಮಾರಕಗಳ ಅಂದವನ್ನು ಕೆಡಿಸುವ ಸಣ್ಣಪುಟ್ಟ ಡಬ್ಬಿ ಕಟ್ಟಡಗಳು ಒಳಗೆ ನುಸುಳುವುದು ಹೆಚ್ಚಾಗಿ ಈ ಬಾಗಿಲಿನಿಂದ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಆಂಧ್ರದಲ್ಲಿ 1960ರ, ಕರ್ನಾಟಕದಲ್ಲಿ 1961ರ ಕಾಯಿದೆಗಳಿವೆ. ಹಂಪಿಯಲ್ಲಿ ಕಾನೂನು ಇನ್ನೊಂದು ತುದಿಗೆ ಹೋಯಿತು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎತ್ತಿ, ಅಂಗಡಿ ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಕಲ್ಲು ಚೊಕ್ಕಟವಾಯಿತು. ಬಜಾರನ್ನು ಬಜಾರಾಗಿ ಉಳಿಸಿದ್ದ ಬಳಕೆ ಇಲ್ಲವಾಯಿತು.

ಯಾವ ಪಟ್ಟಿಯಲ್ಲೂ ಇಲ್ಲದವು ಹಳೆಯ ಮನೆಗಳು. ಆದವಾನಿಯ ಹತ್ತಿ ವ್ಯಾಪಾರ ಬೆಳೆದ ಕಾಲದ ಪೇಟೆ ಮನೆಗಳು, ಸುತ್ತಲ ಹಳ್ಳಿಗಳ ದಪ್ಪ ಗೋಡೆಯ ಮಣ್ಣಿನ ಮಾಳಿಗೆಗಳು ಈ ಸಾಲಿಗೆ ಸೇರುತ್ತವೆ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಡಿಯ ಎರಡೂ ಕಡೆ ಮನೆ ಕಟ್ಟುವ ರೀತಿ ಮಾತ್ರ ಒಂದೇ ಆಗಿ ಉಳಿಯಿತು. ಇಂಥ ಮನೆಗೆ ಮೇಲೊಂದು ಅಂತಸ್ತು ಬೇಕೆಂದಾಗ ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟು ಕೂರಿಸುವುದು ಅಪಾಯ. ಗೋಡೆಯ ಒಳಬದಿಯಲ್ಲಿ ಸ್ವತಂತ್ರ ಬುನಾದಿಯ ಉಕ್ಕಿನ ಕಂಬ ನಿಲ್ಲಿಸಿ ಹೊಸ ಅಂತಸ್ತಿನ ಭಾರವನ್ನು ನೇರವಾಗಿ ನೆಲಕ್ಕೆ ಇಳಿಸಬಹುದು. ಹಿತ್ತಲಲ್ಲಿ ಜಾಗವಿದ್ದರೆ ಅಡುಗೆಮನೆ, ಬಚ್ಚಲು, ನೀರಿನ ಕೊಳವೆಗಳನ್ನು ಅಲ್ಲಿಯ ಹೊಸ ಕಟ್ಟಡಕ್ಕೆ ಸಾಗಿಸಿ ಹಳೆಯ ಗೋಡೆಗಳನ್ನು ತೇವದಿಂದ ದೂರ ಇಡಬಹುದು. ಮಣ್ಣಿನ ಗೋಡೆಗೆ ಗಾಳಿ ಮಳೆಗಿಂತ ಹೆಚ್ಚು ಕೇಡು ಮಾಡುವುದು ಒಳಗೇ ಸೋರುವ ನಲ್ಲಿ. ಏಪ್ರಿಲಿನ 40 ಡಿಗ್ರಿ ಬಿಸಿಲಿನಲ್ಲಿ ಮಾಳಿಗೆಯ ಕೆಳಗಿನ ಹಳೆಯ ಕೋಣೆ ಮಲಗುವ ಕೋಣೆಯಾಗಿಯೇ ಉಳಿದರೆ, ಅದರ ತಂಪಿನ ಲಾಭ ಮನೆಯವರಿಗೇ ಸಿಗುತ್ತದೆ.